ಮೋಟಾರು ವಾಹನದ ಗೇರ್‌ಪೆಟ್ಟಿಗೆ: ಅದರ ಸ್ವರೂಪ ಹಾಗೂ ಮನೆಯಂಗಳದಲ್ಲಿ ಅದನ್ನು ಬದಲಿಸುವ ಕ್ರಮ

ಯಂತ್ರವಿಷಯಗಳನ್ನು ಕುರಿತು ಕನ್ನಡದಲ್ಲಿ ಬರೆಯಹೊರಟವನಿಗೆ ಮೊಟ್ಟಮೊದಲು ಎದುರಾಗುವುದು ಹೆಸರುಗಳ ತೊಡಕು. ಗೇರು ಎಂಬುದಕ್ಕೆ ಹಲ್ಲುಗಾಲಿ ಎನ್ನಬಹುದು, ದಂತಚಕ್ರವೆನ್ನಬಹುದು. ಆದರೆ ಗ್ಯಾರೇಜಿಗೆ ಹೋಗಿ ‘ದಂತಚಕ್ರಗಳ ಪೆಟ್ಟಿಗೆ ಕೆಟ್ಟಿದೆ’ ಎಂದರೆ ಕೆಲಸದ ಹುಡುಗರು ಪಂಡಿತರ ಮುಖವನ್ನೇ ನೋಡಿಯಾರು! ಬಂಡಿಯ ಕಾಲದಲ್ಲಿ ನಮಗೆ ಈ ಬಡತನವಿರಲಿಲ್ಲ. ಅಚ್ಚು, ಗುಂಬ, ಅರೆಕಾಲು, ಕೀಲು, ಕಡಾಣಿ ಎಂದು ಗಾಡಿಯ ಒಂದೊಂದು ಅಂಗಕ್ಕೂ ಬಡಗಿಯೂ ರೈತನೂ ಸಮಾನವಾಗಿ ಬಲ್ಲ ಹೆಸರಿತ್ತು. ಮೋಟಾರು ಬಂದಾಗ ಹೆಸರುಗಳೂ ಅದರೊಡನೆಯೇ ಬಂದುವು. ನಮ್ಮ ಮೇಸ್ತ್ರಿಗಳು ಅವನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಗೇರು, ಕ್ಲಚ್ಚು, ಜಾಕು, ಪಾನಾ ಎಂದರು. ಆಡುವವರ ಬಾಯಲ್ಲಿ ನೆಲೆನಿಂತ ಮಾತನ್ನು ಅಟ್ಟುವುದು ನನ್ನ ಅಭಿಮತವಲ್ಲವಾದುದರಿಂದ ಈ ಲೇಖನದಲ್ಲಿ ಆ ಮಾತುಗಳನ್ನೇ ಬಳಸುತ್ತೇನೆ.

ಕನ್ನಡ ಪಂಡಿತನಿಗೆ ಗೇರ್‌ಪೆಟ್ಟಿಗೆಯ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರ ಬಳಿ ಅವರ ತಂದೆಯ ಕಾಲದ ಪೆಟ್ರೋಲ್ ಅಂಬಾಸಿಡರ್ ಕಾರೊಂದಿದೆ. ತಂದೆ ಅದನ್ನು ಬಾಡಿಗೆಗೆ ಓಡಿಸಿ ಮೂವರು ಮಕ್ಕಳನ್ನು ಓದಿಸಿದರು. ಆ ಕಾರು ಗೊರಗೊರ ಸದ್ದು ಮಾಡತೊಡಗಿದಾಗ ಪಟ್ಟಣದ ಗ್ಯಾರೇಜೊಂದರಲ್ಲಿ, ಎಂಜಿನ್ನೂ ಹಿಂದಿನ ಅಚ್ಚೂ ಎರಡೂ ಹೋಗಿವೆ, ಗುಜರಿಗೆ ಕೊಟ್ಟುಬಿಡಿ ಎಂದು ಹೇಳಿದರಂತೆ. ನೋಂದಣಿಯ ನವೀಕರಣಕ್ಕೆ ಕೆಲವೇ ವಾರಗಳು ಉಳಿದಿದ್ದುವು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಗಳಿಗೊಮ್ಮೆ ತಪಾಸಣೆಯಾಗಿ ನೋಂದಣಿ ನವೀಕೃತವಾಗಬೇಕಷ್ಟೆ. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ದುಡಿದು ನಿವೃತ್ತರಾದ ಅವರ ಚಿಕ್ಕಪ್ಪನವರು ಬಂದು, ಅರ್ಧ ಗಂಟೆ ಓಡಿಸಿ ನೋಡಿ, ಕೆಟ್ಟಿರುವುದು ಗೇರ್‌ಪೆಟ್ಟಿಗೆ ಮಾತ್ರವೆಂದು ನಿರ್ಣಯಿಸಿದರು. ಎರಡು ಭಾನುವಾರಗಳಲ್ಲಿ ಮನೆಯ ಅಂಗಳದಲ್ಲಿಯೇ ಪೆಟ್ಟಿಗೆಯನ್ನು ಬದಲಿಸಿದ್ದಾಯಿತು. ನಾನು ದೀಪ ಹಿಡಿದು ನಿಂತವನು. ನಿಂತಲ್ಲಿ ನೋಡಿದುದನ್ನೂ, ಅನಂತರ ಕೇಳಿ ಓದಿ ತಿಳಿದುದನ್ನೂ ಇಲ್ಲಿ ನಿರೂಪಿಸುತ್ತಿದ್ದೇನೆ.

ಮೊದಲು ಗೇರು ಏಕೆ ಬೇಕೆಂಬುದನ್ನು ವಿಚಾರ ಮಾಡೋಣ. ಆ ಕಾರಿನ ಚಕ್ರ ಒಂದು ಸುತ್ತು ಉರುಳಿದರೆ ಸುಮಾರು 2 ಮೀಟರ್ ದೂರ ಸಾಗುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಚಕ್ರವು ನಿಮಿಷಕ್ಕೆ ಸುಮಾರು 83 ಸುತ್ತು ತಿರುಗುತ್ತದೆ. ಹಿಂದಿನ ಅಚ್ಚಿನೊಳಗಿನ ಕ್ರೌನ್ ಮತ್ತು ಪಿನಿಯನ್ ವೇಗವನ್ನು ನಾಲ್ಕೈದು ಪಟ್ಟು ತಗ್ಗಿಸುವುದರಿಂದ, ನಡುವೆ ಬೇರೆ ಗೇರು ಇಲ್ಲದಿದ್ದರೆ ಎಂಜಿನ್ನು ನಿಮಿಷಕ್ಕೆ 400 ಸುತ್ತಿಗಿಂತ ಕಡಿಮೆ ತಿರುಗಬೇಕಾಗುತ್ತದೆ. ನಿಂತಲ್ಲಿ ಸುಮ್ಮನೆ ಉರಿಯುವುದಕ್ಕೇ ಏಳೆಂಟು ನೂರು ಸುತ್ತು ಬೇಕಾಗುವ ಎಂಜಿನ್ನು ಆ ಮಂದಗತಿಯಲ್ಲಿ ಉಸಿರುಗಟ್ಟಿ ನಿಂತುಹೋಗುತ್ತದೆ. ಅದೂ ಅಲ್ಲದೆ, ನಿಂತ ಕಾರನ್ನು ಕದಲಿಸುವುದಕ್ಕೂ ಏರು ಹತ್ತಿಸುವುದಕ್ಕೂ ಹೆಚ್ಚಿನ ತಿರುಚುಬಲ ಬೇಕು. ಬಂಡೆಯನ್ನು ಹಾರೆಯಿಂದ ಮೀಟುವವನು ತಾನು ಮಾರುದ್ದ ಕೈಯಾಡಿಸಿ ಬಂಡೆಯನ್ನು ಅಂಗುಲವಷ್ಟೆ ಕದಲಿಸುತ್ತಾನೆ. ಚಲನೆಯಲ್ಲಿ ಕಳೆದುಕೊಂಡುದನ್ನು ಬಲದಲ್ಲಿ ಪಡೆಯುತ್ತಾನೆ. 20 ಹಲ್ಲಿನ ಗಾಲಿಯು 40 ಹಲ್ಲಿನ ಗಾಲಿಯನ್ನು ತಿರುಗಿಸಿದಾಗಲೂ ಹೀಗೆಯೇ: ವೇಗ ಅರೆಯಾಗುತ್ತದೆ, ತಿರುಚುಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇಂತಹ ಜೋಡಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಒಂದೆಡೆ ಕೂಡಿಸಿ, ಬೇಕಾದುದನ್ನು ಆಯ್ದುಕೊಳ್ಳುವ ಅನುಕೂಲ ಮಾಡಿಕೊಟ್ಟಿರುವುದೇ ಗೇರ್‌ಪೆಟ್ಟಿಗೆ.

ಎಂಜಿನ್ನು ಮುಂದೆ, ಅದರ ಬೆನ್ನಿಗೆ ಕ್ಲಚ್ಚು, ಕ್ಲಚ್ಚಿನ ಹಿಂದೆ ಗೇರ್‌ಪೆಟ್ಟಿಗೆ, ಅಲ್ಲಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಎಂಬ ಏರ್ಪಾಟನ್ನು 1890ರ ದಶಕದ ಆದಿಯಲ್ಲಿ ಫ್ರಾನ್ಸ್ ದೇಶದ ಪ್ಯಾನಾರ್ ಮತ್ತು ಲೆವಾಸೋರ್ ಸಂಸ್ಥೆಯವರು ರೂಢಿಗೆ ತಂದರು. ಆಗಿನ ಪೆಟ್ಟಿಗೆಗಳಲ್ಲಿ ಗಾಲಿಗಳನ್ನೇ ಜಾರಿಸಿ ಹಲ್ಲಿಗೆ ಹಲ್ಲು ಕೂಡಿಸಬೇಕಾಗಿದ್ದು, ಚಾಲಕನ ಕೈ ನುರಿತಿಲ್ಲದಿದ್ದರೆ ಊರೆಲ್ಲ ಕೇಳುವಂತೆ ಕರಕರವೆನ್ನುತ್ತಿತ್ತು. ಅಮೆರಿಕದ ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರರು ಇದಕ್ಕೊಂದು ಪರಿಹಾರವನ್ನು ಕಂಡುಹಿಡಿದು, 1928ರಲ್ಲಿ ಕ್ಯಾಡಿಲ್ಯಾಕ್ ಕಾರಿನಲ್ಲಿ ಅದು ಬಳಕೆಗೆ ಬಂತು. ಅದರ ಹೆಸರು ಸಿಂಕ್ರೋಮೆಶ್. ಹಲ್ಲುಗಳು ಕೂಡುವ ಮುನ್ನ ಹಿತ್ತಾಳೆ ಬಣ್ಣದ ಒಂದು ಬಳೆಯು ಎದುರಿನ ಗಾಲಿಯ ಇಳಿಜಾರು ಮೈಯನ್ನು ಉಜ್ಜಿ, ಎರಡರ ವೇಗವನ್ನೂ ಸಮಗೊಳಿಸುತ್ತದೆ. ಆಮೇಲೆ ಹಲ್ಲುಗಳು ಸದ್ದಿಲ್ಲದೆ ಬೆರೆಯುತ್ತವೆ. ಹಳೆಯ ಪೆಟ್ರೋಲ್ ಅಂಬಾಸಿಡರಿನ ನಾಲ್ಕು ಗೇರುಗಳಲ್ಲಿ ಮೇಲಿನ ಮೂರಕ್ಕೆ ಮಾತ್ರ ಈ ಸೌಕರ್ಯವುಂಟು. ಮೊದಲನೆಯದಕ್ಕೆ ಕಾರನ್ನು ಪೂರ್ತಿ ನಿಲ್ಲಿಸಿಯೇ ಹಾಕಬೇಕೆಂದು ಹಿಂದಿನ ಚಾಲಕರು ಶಿಷ್ಯರಿಗೆ ಗದರುತ್ತಿದ್ದುದು ಈ ಕಾರಣದಿಂದಲೇ.

ಪ್ರಸಂಗವಶಾತ್ ಒಂದು ಮಾತು. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ 1942ರಲ್ಲಿ ಸ್ಥಾಪಿತವಾಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಆಧರಿಸಿದ ಅಂಬಾಸಿಡರು ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಿಂದ 2014ರವರೆಗೂ ಹೊರಬರುತ್ತಿತ್ತು. ಅದಕ್ಕೂ ಹಿಂದೆ, 1930ರ ದಶಕದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮ ದೇಶದಲ್ಲಿಯೇ ಮೋಟಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿ, ವಾಲ್‌ಚಂದ್ ಹೀರಾಚಂದರೊಡನೆ ಕೂಡಿ ಅದಕ್ಕಾಗಿ ಬಹಳ ಶ್ರಮಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆಯಾಗಬೇಕೆಂಬ ಆ ಪ್ರಯತ್ನವು ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಕೈಗೂಡಲಿಲ್ಲ. ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸನ್ನು ಸ್ಥಾಪಿಸಿದರು. ಗೇರ್‌ಪೆಟ್ಟಿಗೆಗಳ ಮಟ್ಟಿಗಾದರೂ ಆ ಆಸೆ ತಡವಾಗಿ ಫಲಿಸಿತೆನ್ನಬೇಕು. ಈ ಶತಮಾನದ ಮೊದಲ ದಶಕದಿಂದ ಬಿಡದಿಯ ಕಾರ್ಖಾನೆಯಲ್ಲಿ ತಯಾರಾದ ಗೇರ್‌ಪೆಟ್ಟಿಗೆಗಳು ಹೊರದೇಶಗಳಿಗೂ ಹೋಗಿವೆ.

ಇನ್ನು ರೋಗನಿರ್ಣಯ. ಈ ಕಾರ್ಯದಲ್ಲಿ ಅತ್ಯಂತ ಮುಖ್ಯವಾದುದೂ ಸಾಮಾನ್ಯವಾಗಿ ಅವಸರಕ್ಕೆ ಬಲಿಯಾಗುವುದೂ ಇದೇ. ಕಾರಿನಡಿಯಲ್ಲಿ ಸದ್ದಾದ ಮಾತ್ರಕ್ಕೆ ಗೇರ್‌ಪೆಟ್ಟಿಗೆಯನ್ನು ಇಳಿಸಬಾರದು. ಚಿಕ್ಕಪ್ಪನವರು ಪರೀಕ್ಷಿಸಿದ ಕ್ರಮವನ್ನು ಕೊಂಚ ವಿಸ್ತರಿಸಿ ಹೇಳುತ್ತೇನೆ. ಕಾರನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನ್ನನ್ನು ಓಡಗೊಟ್ಟು ಕಿವಿಗೊಟ್ಟರು. ಗೊರಗೊರ ಸದ್ದಿತ್ತು. ಕ್ಲಚ್ಚಿನ ಪೆಡಲನ್ನು ಪೂರ್ತಿ ಒತ್ತಿದೊಡನೆ ಸದ್ದು ಅಡಗಿತು. ಪೆಡಲು ಒತ್ತಿದಾಗ ಎಂಜಿನ್ನಿಗೂ ಪೆಟ್ಟಿಗೆಗೂ ಸಂಬಂಧ ಕಡಿಯುತ್ತದೆ, ಒಳಗಿನ ಗಾಲಿಗಳು ನಿಲ್ಲುತ್ತವೆ. ಆದುದರಿಂದ ಸದ್ದು ಹುಟ್ಟುತ್ತಿದ್ದುದು ಎಂಜಿನ್ನಿನಲ್ಲಲ್ಲ, ಪೆಟ್ಟಿಗೆಯೊಳಗೆ. ಇದಕ್ಕೆ ವಿಪರೀತವಾಗಿ, ಪೆಡಲು ಒತ್ತಿದಾಗಲೇ ಸದ್ದು ಹುಟ್ಟುವುದಾದರೆ ಕ್ಲಚ್ಚಿನ ರಿಲೀಸ್ ಬೇರಿಂಗನ್ನು ಸಂಶಯಿಸಬೇಕು.

ಬಳಿಕ ರಸ್ತೆಯ ಪರೀಕ್ಷೆ. ಒಂದು, ಎರಡು, ಮೂರನೆಯ ಗೇರುಗಳಲ್ಲಿ ಸದ್ದು ಜೋರಾಗಿದ್ದು ನಾಲ್ಕನೆಯದಕ್ಕೆ ಬಂದೊಡನೆ ಬಹಳಮಟ್ಟಿಗೆ ತಗ್ಗಿತು. ಇದರ ಅರ್ಥ ಸ್ವಾರಸ್ಯವಾಗಿದೆ. ಪೆಟ್ಟಿಗೆಯೊಳಗೆ ಮುಖ್ಯ ಶಾಫ್ಟಿನ ಕೆಳಗೆ ಲೇಶಾಫ್ಟ್ ಎಂಬ ಇನ್ನೊಂದು ಇರುತ್ತದೆ. ಕೆಳಗಿನ ಮೂರು ಗೇರುಗಳಲ್ಲಿಯೂ ಹಿಂಗೇರಿನಲ್ಲಿಯೂ ಶಕ್ತಿಯು ಎಂಜಿನ್ನಿನಿಂದ ಬಂದು ಲೇಶಾಫ್ಟಿಗಿಳಿದು ಮರಳಿ ಮೇಲಕ್ಕೇರಿ ಹೊರಡುತ್ತದೆ. ನಾಲ್ಕನೆಯದರಲ್ಲಿ ಮಾತ್ರ ಒಳಬರುವ ಶಾಫ್ಟೂ ಹೊರಹೋಗುವ ಶಾಫ್ಟೂ ನೇರವಾಗಿ ಬೆಸೆದು ಒಂದಕ್ಕೊಂದರಂತೆ ತಿರುಗುತ್ತವೆ. ಲೇಶಾಫ್ಟು ಭಾರ ಹೊರದೆ ಸುಮ್ಮನೆ ಸುತ್ತುತ್ತಿರುತ್ತದೆ. ಭಾರವಿಳಿದಾಗ ಸದ್ದಿಳಿದರೆ ನೋವಿರುವುದು ಲೇಶಾಫ್ಟಿನ ಬೇರಿಂಗಿನಲ್ಲಿ. ಹಿಂದಿನ ಅಚ್ಚು ಕೆಟ್ಟಿದ್ದರೆ ನಾಲ್ಕನೆಯ ಗೇರಿನಲ್ಲಿಯೂ ಸದ್ದು ಹಾಗೆಯೇ ಉಳಿಯಬೇಕಾಗಿತ್ತು. ಎರಡನ್ನೂ ಗುಜರಿಗೆ ಹಾಕೆಂದವರ ಮಾತು ಈ ಒಂದು ಪರೀಕ್ಷೆಯಿಂದಲೇ ಬಿದ್ದುಹೋಯಿತು. ಮೂರನೆಯ ಗೇರು ಇಳಿಜಾರಿನಲ್ಲಿ ತಾನಾಗಿ ಹೊರಹಾರುತ್ತಿದ್ದುದು ಒಳಗಿನ ಸವೆತಕ್ಕೆ ಇನ್ನೊಂದು ಸಾಕ್ಷಿಯಾಯಿತು. ಎಲ್ಲ ಗೇರುಗಳೂ ಕರಕರವೆನ್ನುತ್ತಿದ್ದರೆ ದೋಷವು ಪೂರ್ತಿ ಬಿಡದಿರುವ ಕ್ಲಚ್ಚಿನದಾಗಿರಬಹುದು. ಎಂಜಿನ್ನು ಕಿರುಚಿದರೂ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟು ಸವೆದಿರಬಹುದು. ಇವಕ್ಕೆಲ್ಲ ಗೇರ್‌ಪೆಟ್ಟಿಗೆಯನ್ನು ದೂರಿ ಫಲವಿಲ್ಲ.

ಬದಲಿ ಪೆಟ್ಟಿಗೆಯನ್ನು ಬೆಂಗಳೂರಿನ ಹಳೆಯ ಬಿಡಿಭಾಗಗಳ ಅಂಗಡಿಯೊಂದರಿಂದ ತಂದರು. ಹಳೆಯದನ್ನು ಕೊಳ್ಳುವಾಗ ಒಳಬರುವ ಶಾಫ್ಟನ್ನು ಕೈಯಿಂದ ತಿರುಗಿಸುತ್ತ ಪ್ರತಿಯೊಂದು ಗೇರನ್ನೂ ಹಾಕಿ ನೋಡಬೇಕು. ಮೊದಲನೆಯದರಲ್ಲಿ ಇತ್ತಕಡೆ ಹಲವು ಸುತ್ತಿಗೆ ಅತ್ತಕಡೆ ಒಂದು ಸುತ್ತು, ನಾಲ್ಕನೆಯದರಲ್ಲಿ ಒಂದಕ್ಕೆ ಒಂದು, ಎಲ್ಲಿಯೂ ತೊಡರಬಾರದು. ಶಾಫ್ಟು ಅತ್ತಿತ್ತ ಹೆಚ್ಚಾಗಿ ಅಲುಗಾಡಬಾರದು. ತಳದ ಬಿರಡೆಯನ್ನು ತೆಗೆಸಿ ಎಣ್ಣೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಬೇಕು. ಹೊಂಬಣ್ಣದ ನುಣ್ಣನೆಯ ಪುಡಿಯಿದ್ದರೆ ಅದು ಸಿಂಕ್ರೋಮೆಶ್ ಬಳೆಗಳ ಸವೆತ, ಅಲ್ಪವಾಗಿದ್ದರೆ ಚಿಂತೆಯಿಲ್ಲ. ಉಕ್ಕಿನ ಚೂರುಗಳು ಕೈಗೆ ಚುಚ್ಚಿದರೆ ಆ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಬರಬೇಕು. ಅಂಬಾಸಿಡರ್ ಎಂಬ ಹೆಸರೊಂದೇ ಸಾಲದು. 1990ರ ದಶಕದಲ್ಲಿ ಇಸುಜು ಎಂಜಿನ್ನಿನೊಡನೆ ಬಂದ ಐದು ಗೇರಿನ ಪೆಟ್ಟಿಗೆಯೇ ಬೇರೆ, ಸ್ಟೇರಿಂಗಿನ ಬಳಿ ಗೇರು ಹಾಕುವ ಹಳೆಯ ನಾಲ್ಕು ಗೇರಿನದೇ ಬೇರೆ. ನೋಂದಣಿ ಪತ್ರದಲ್ಲಿ ದಾಖಲಾಗುವುದು ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆ. ಅದೇ ಬಗೆಯ ಗೇರ್‌ಪೆಟ್ಟಿಗೆ ಬದಲಿಸಿದರೆ ಆ ಸಂಖ್ಯೆಗಳಿಗೆ ಬಾಧಕವಿಲ್ಲ.

ಈಗ ಪ್ರಾಣಸಂಬಂಧವಾದ ವಿಷಯಕ್ಕೆ ಬರುತ್ತೇನೆ. ಒಂದು ಟನ್ನಿಗೂ ಮಿಕ್ಕಿದ ಭಾರದ ಕಾರಿನ ಕೆಳಗೆ ಮನುಷ್ಯನು ಅಂಗಾತ ಮಲಗಿ ಗಂಟೆಗಟ್ಟಲೆ ಮಾಡುವ ಕೆಲಸವಿದು. ಜಾಕಿನ ಮೇಲೆ ನಿಂತ ಕಾರಿನಡಿಗೆ ನುಸಿದು ಜೀವ ಕಳೆದುಕೊಂಡವರುಂಟು. “ಜಾಕು ಎತ್ತೋದಕ್ಕೆ ತಮ್ಮಾ, ಹೊರೋದಕ್ಕೆ ಸ್ಟ್ಯಾಂಡು” ಎಂದು ಚಿಕ್ಕಪ್ಪನವರು ಅಣ್ಣನ ಮಗನಿಗೆ ಹತ್ತಾರು ಬಾರಿ ಹೇಳಿದರು. ಎಣ್ಣೆಯ ಜಾಕಿನ ಒಳಗಿನ ರಬ್ಬರು ಸೋತರೆ ಕಾರು ಸದ್ದಿಲ್ಲದೆ ಕುಸಿಯುತ್ತದೆ. ನೆಲವು ಗಟ್ಟಿಯಾಗಿ ಸಮವಾಗಿರಬೇಕು. ಮಣ್ಣಿನಂಗಳವಾದರೆ ಸ್ಟ್ಯಾಂಡುಗಳ ಕೆಳಗೆ ದಪ್ಪ ಹಲಗೆ ಹಾಕಬೇಕು. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಅಡೆ ಕೊಡಬೇಕು. ಉಕ್ಕಿನ ಸ್ಟ್ಯಾಂಡುಗಳನ್ನು ಕಾರಿನ ಬಲವಾದ ಭಾಗಕ್ಕೆ ಆನಿಸಿ, ಮಲಗುವ ಮುನ್ನ ಕಾರನ್ನು ಇಬ್ಬರು ಹಿಡಿದು ಬಲವಾಗಿ ಅಲುಗಿಸಿ ನೋಡಬೇಕು. ಬೀಳುವುದಾದರೆ ಆಗಲೇ ಬೀಳಲಿ. ಇಟ್ಟಿಗೆಯನ್ನೂ ಸಿಮೆಂಟಿನ ಟೊಳ್ಳು ಬ್ಲಾಕುಗಳನ್ನೂ ಆಸರೆಗೆ ಇಡಲೇಬಾರದು. ಅವು ಭಾರ ತಾಳುವಂತೆ ತೋರಿ ಒಮ್ಮೆಲೇ ಪುಡಿಯಾಗುತ್ತವೆ. ಒಬ್ಬನೇ ಈ ಕೆಲಸಕ್ಕೆ ಕೈಹಾಕಬಾರದು; ಕೂಗಿದರೆ ಓಗೊಡುವವರೊಬ್ಬರು ಹತ್ತಿರವಿರಬೇಕು. ನಾನು ದೀಪ ಹಿಡಿದು ನಿಂತಿದ್ದುದರ ನಿಜವಾದ ಪ್ರಯೋಜನವೂ ಇದೇ ಆಗಿತ್ತು.

ಕೆಲಸವು ಬ್ಯಾಟರಿಯ ಭೂಸಂಪರ್ಕದ ತಂತಿಯನ್ನು ಬಿಚ್ಚುವುದರೊಡನೆ ಆರಂಭವಾಗುತ್ತದೆ. ಸ್ಟಾರ್ಟರ್ ಮೋಟಾರಿಗೆ ಸದಾ ವಿದ್ಯುತ್ತು ಹರಿದಿರುತ್ತದೆ, ಪಾನಾ ತಗುಲಿದರೆ ಕಿಡಿ ಹಾರುತ್ತದೆ. ಅನಂತರ ಗೇರ್‌ಪೆಟ್ಟಿಗೆಯ ಎಣ್ಣೆಯನ್ನು ಬಸಿಯಬೇಕು. ಇದನ್ನು ಮರೆತು ಪ್ರೊಪೆಲ್ಲರ್ ಶಾಫ್ಟನ್ನು ಎಳೆದರೆ ಪೆಟ್ಟಿಗೆಯ ಹಿಂಬಾಯಿಂದ ಎಣ್ಣೆಯೆಲ್ಲ ಮಲಗಿದವನ ಎದೆಯ ಮೇಲೆ ಸುರಿಯುತ್ತದೆ. ಪ್ರೊಪೆಲ್ಲರ್ ಶಾಫ್ಟು ಹಿಂದಿನ ಅಚ್ಚಿಗೆ ನಾಲ್ಕು ಬೋಲ್ಟುಗಳಿಂದ ಕೂಡಿರುತ್ತದೆ. ಬಿಚ್ಚುವ ಮುನ್ನ ಎರಡು ಮುಖಗಳಿಗೂ ಅಡ್ಡಲಾಗಿ ಒಂದು ಗೆರೆ ಕೊರೆದಿಡುವುದು ಒಳ್ಳೆಯದು. ಮತ್ತೆ ಅದೇ ಗೆರೆಗೆ ಕೂಡಿಸದಿದ್ದರೆ ತೂಕದ ಸಮತೋಲ ತಪ್ಪಿ ಕಾರು ನಡುಗಬಹುದು. ಸ್ಪೀಡೋಮೀಟರಿನ ಕೇಬಲ್ಲು, ಸ್ಟೇರಿಂಗಿನ ಬಳಿಯಿಂದ ಇಳಿದು ಬರುವ ಗೇರಿನ ಸಲಾಕೆಗಳು, ಕ್ಲಚ್ಚಿನ ಜೋಡಣೆ, ಸ್ಟಾರ್ಟರ್ ಮೋಟಾರು ಇವುಗಳನ್ನು ಒಂದೊಂದಾಗಿ ಬಿಡಿಸಿ, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದರು. ಈ ಚೀಟಿಗಳ ಬರವಣಿಗೆ ನನ್ನ ಪಾಲಿಗೆ ಬಂತು. ಕಾಗುಣಿತ ತಪ್ಪಿಲ್ಲದ ಚೀಟಿಗಳು ಬಹುಶಃ ಆ ಕಾರಿಗೆ ಮೊದಲನೆಯ ಅನುಭವವಿರಬೇಕು.

ಗೇರ್‌ಪೆಟ್ಟಿಗೆಯನ್ನು ಕಾರಿನ ಅಡಿಗೆ ಬಿಗಿದ ಆಧಾರವೇ ಎಂಜಿನ್ನಿನ ಹಿಂಭಾಗವನ್ನೂ ಹೊತ್ತಿರುತ್ತದೆ. ಅದನ್ನು ಕಳಚುವ ಮುನ್ನ ಎಂಜಿನ್ನಿನ ಅಡಿಗೆ ಮರದ ತುಂಡನ್ನಿಟ್ಟು ಜಾಕಿನಿಂದ ಆನಿಸಿಕೊಳ್ಳಬೇಕು. ಪೆಟ್ಟಿಗೆಗೆ ಇನ್ನೊಂದು ಜಾಕು. ಕೊನೆಗೆ ಗಂಟೆಯಾಕಾರದ ಬೆಲ್ ಹೌಸಿಂಗಿನ ಸುತ್ತಣ ಬೋಲ್ಟುಗಳನ್ನು ಬಿಚ್ಚಿ ಪೆಟ್ಟಿಗೆಯನ್ನು ನೇರ ಹಿಂದಕ್ಕೆ ಸರಿಸಬೇಕು. ಅದರ ಮುಂದಿನ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ರಂಧ್ರದಲ್ಲಿ ಹೊಕ್ಕಿರುತ್ತದೆ. ಪೂರ್ತಿ ಹೊರಬರುವವರೆಗೂ ಪೆಟ್ಟಿಗೆಯ ಭಾರ ಆ ಶಾಫ್ಟಿನ ಮೇಲೆ ಜೋಲಬಾರದು. ಜೋತರೆ ಪ್ಲೇಟು ಬಾಗುತ್ತದೆ. ಆ ಹಂತದಲ್ಲಿ ಪೆಟ್ಟಿಗೆ ಅಲುಗದೆ ಹಟಹಿಡಿಯಿತು. ಹುಡುಗರು ಸುತ್ತಿಗೆ ತಂದರು. ಚಿಕ್ಕಪ್ಪನವರು ಸುತ್ತಿಗೆಯನ್ನು ಕಸಿದುಕೊಂಡು, ಮತ್ತೊಮ್ಮೆ ಸುತ್ತಲೂ ಬೆರಳಾಡಿಸಿ, ಎಣ್ಣೆಮಣ್ಣಿನಡಿ ಅಡಗಿದ್ದ ಒಂದು ಬೋಲ್ಟನ್ನು ತೋರಿಸಿದರು!

ಪೆಟ್ಟಿಗೆ ಇಳಿದ ಮೇಲೆ ಕಾಣಿಸುವುದು ಕ್ಲಚ್ಚು. ಇಷ್ಟು ದುಡಿದು ತಲುಪಿದ ಸ್ಥಳದಲ್ಲಿ ಹಳೆಯ ಪ್ಲೇಟನ್ನೇ ಉಳಿಸುವುದು ಸಲ್ಲದ ಮಿತವ್ಯಯ. ಪ್ಲೇಟು, ರಿಲೀಸ್ ಬೇರಿಂಗು ಎರಡನ್ನೂ ಹೊಸದಾಗಿ ಹಾಕುವುದೇ ಲೇಸು. ಹಳೆಯ ಪ್ಲೇಟುಗಳ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಘಾತಕ. ಬಾಯಿಂದಲೋ ಗಾಳಿಯಂತ್ರದಿಂದಲೋ ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಫ್ಲೈವೀಲಿನ ಮೈಯಲ್ಲಿ ಬಿರುಕು, ಆಳವಾದ ಗೀರು, ಸುಟ್ಟ ನೀಲಿ ಕಲೆಗಳಿವೆಯೆ ಎಂದೂ, ಎಂಜಿನ್ನಿನ ಹಿಂಬದಿಯಿಂದ ಎಣ್ಣೆ ಜಿನುಗುತ್ತಿದೆಯೆ ಎಂದೂ ಆಗಲೇ ನೋಡಬೇಕು. ಹೊಸ ಪ್ಲೇಟನ್ನು ಕೂರಿಸುವಾಗ ಅದರ ನಡುವಿನ ರಂಧ್ರವು ಕ್ರ್ಯಾಂಕ್ ಶಾಫ್ಟಿನ ತುದಿಯ ಬುಷ್ಷಿಗೆ ಕರಾರುವಾಕ್ಕಾಗಿ ನೇರವಿರಬೇಕು. ಇಲ್ಲದಿದ್ದರೆ ಹೊಸ ಪೆಟ್ಟಿಗೆಯ ಶಾಫ್ಟು ಎಷ್ಟು ತಳ್ಳಿದರೂ ಒಳಹೋಗದು. ಹಾಳಾದ ಪೆಟ್ಟಿಗೆಯೊಂದರಿಂದ ಬಿಚ್ಚಿಟ್ಟುಕೊಂಡ ಹಳೆಯ ಶಾಫ್ಟನ್ನೇ ತೂರಿಸಿ ನೇರ ಮಾಡಿಕೊಂಡು, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುವುದು ಮೇಸ್ತ್ರಿಗಳ ಪದ್ಧತಿ. ಶಾಫ್ಟಿನ ಗೀರುಹಲ್ಲುಗಳಿಗೆ ಗ್ರೀಸು ಸವರಬೇಕಾದುದು ಲೇಪಮಾತ್ರ. ಹೆಚ್ಚಾದರೆ ಅದು ಸಿಡಿದು ಲೈನಿಂಗಿಗೆ ತಗುಲಿ ಕ್ಲಚ್ಚು ಜಾರುತ್ತದೆ.

ಏರಿಸುವ ಕೆಲಸ ಇಳಿಸುವುದರ ವಿಲೋಮಕ್ರಮ ಎಂದು ಪುಸ್ತಕಗಳು ಒಂದೇ ವಾಕ್ಯದಲ್ಲಿ ಮುಗಿಸುತ್ತವೆ. ನೋಡಿದವನಾಗಿ ಹೇಳುವುದಾದರೆ ಆ ವಾಕ್ಯದಲ್ಲಿ ಒಂದಿಡೀ ಅಪರಾಹ್ನ ಅಡಗಿದೆ. ಪೆಟ್ಟಿಗೆಯ ಎತ್ತರವೂ ಓರೆಯೂ ಎಂಜಿನ್ನಿಗೆ ಸರಿಹೊಂದಬೇಕು. ಗೇರು ಹಾಕಿ ಹಿಂದಿನ ಶಾಫ್ಟನ್ನು ಮೆಲ್ಲಗೆ ತಿರುಗಿಸುತ್ತ ತಳ್ಳಿದರೆ ಗೀರುಹಲ್ಲುಗಳು ಒಂದು ಗಳಿಗೆಯಲ್ಲಿ ಹೊಂದಿಕೊಳ್ಳುತ್ತವೆ. ಕೊನೆಯ ಅಂತರವನ್ನು ಬೋಲ್ಟು ಬಿಗಿದು ಎಳೆದುಕೊಳ್ಳಲು ಯತ್ನಿಸಬಾರದು, ಎರಕದ ಕವಚ ಸೀಳುತ್ತದೆ. ಎಣ್ಣೆಯನ್ನು ತಯಾರಕರ ಪುಸ್ತಿಕೆಯಲ್ಲಿ ಹೇಳಿದ ಬಗೆಯದನ್ನೇ ಹಾಕಬೇಕು. ಹಿಂದಿನ ಅಚ್ಚಿಗೆ ಹಾಕುವ ಕೆಲವು ಎಣ್ಣೆಗಳಲ್ಲಿನ ಗಂಧಕದ ಸಂಯುಕ್ತಗಳು ಸಿಂಕ್ರೋಮೆಶ್ ಬಳೆಗಳನ್ನು ತಿನ್ನುತ್ತವೆ. ಪಕ್ಕದ ಮಟ್ಟದ ರಂಧ್ರದಿಂದ ಹೊರಸೂಸುವವರೆಗೆ ತುಂಬಿ ಬಿರಡೆ ಹಾಕಿದರಾಯಿತು.

ಇಷ್ಟೆಲ್ಲ ಹೇಳಿದುದು ಹಿಂದಿನ ಚಕ್ರ ಓಡಿಸುವ ಹಳೆಯ ಕಾರುಗಳಿಗೆ ಮಾತ್ರ ಅನ್ವಯಿಸುತ್ತದೆ. 1983ರಲ್ಲಿ ಬಂದ ಮಾರುತಿ 800ರಂತಹ ಕಾರುಗಳಲ್ಲಿ ಎಂಜಿನ್ನು ಅಡ್ಡಲಾಗಿದ್ದು, ಗೇರ್‌ಪೆಟ್ಟಿಗೆಯೂ ಡಿಫರೆನ್ಷಿಯಲ್ಲೂ ಒಂದೇ ಕವಚದಲ್ಲಿರುತ್ತವೆ. ಮುಂದಿನ ಚಕ್ರಗಳ ಡ್ರೈವ್ ಶಾಫ್ಟುಗಳನ್ನು ಬಿಡಿಸಿಯೇ ಮುಂದುವರಿಯಬೇಕು. ಆಟೋಮ್ಯಾಟಿಕ್ ಗೇರಿನ ವಾಹನಗಳಲ್ಲಿ ಕ್ಲಚ್ಚಿನ ಸ್ಥಾನದಲ್ಲಿ ಸಾಮಾನ್ಯವಾಗಿ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇದ್ದು, ಅದು ಒಳಗಿನ ಪಂಪಿನಲ್ಲಿ ಪೂರ್ತಿ ಕೂರದೆ ಬೋಲ್ಟು ಬಿಗಿದರೆ ಪಂಪೇ ಮುರಿಯುತ್ತದೆ. ಈಚಿನ ಅಂತಹ ಪೆಟ್ಟಿಗೆಗಳಲ್ಲಿ ಹಲವಕ್ಕೆ ಬದಲಿಸಿದ ಮೇಲೆ ಗಣಕಯಂತ್ರವನ್ನು ಜೋಡಿಸಿ ಪಾಠ ಹೇಳಿಕೊಡಬೇಕಂತೆ. ಅವು ಅಂಗಳದ ಕೆಲಸವಲ್ಲವೆಂಬುದು ನನ್ನ ಅಭಿಪ್ರಾಯ. ಚಿಕ್ಕಪ್ಪನವರ ಅಭಿಪ್ರಾಯವೂ ಹಾಗೆಯೇ.

ಎರಡನೆಯ ಭಾನುವಾರ ಸಂಜೆ ಕಾರು ನೆಲಕ್ಕಿಳಿಯಿತು. ಹತ್ತು ಕಿಲೋಮೀಟರ್ ಓಡಿಸಿ, ಮರಳಿ ತಂದು, ಅಡಿಯಲ್ಲಿ ಹಳೆಯ ವೃತ್ತಪತ್ರಿಕೆ ಹಾಸಿ ರಾತ್ರಿಯೆಲ್ಲ ಬಿಟ್ಟರು. ಬೆಳಗ್ಗೆ ಎಣ್ಣೆಯ ಎರಡು ಹನಿ ಬಿದ್ದಿದ್ದುವು, ತಳದ ಬಿರಡೆಯನ್ನು ಕಾಲು ಸುತ್ತು ಬಿಗಿದ ಮೇಲೆ ಅದೂ ನಿಂತಿತು. ಒಂದು ವಾರದ ಬಳಿಕ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಪರೀಕ್ಷಿಸಿದರು. ಕಾರಿನ ನೋಂದಣಿಯು ಅವಧಿಯೊಳಗೇ ನವೀಕೃತವಾಯಿತು. ಇಳಿಸಿದ ಹಳೆಯ ಪೆಟ್ಟಿಗೆಯನ್ನು ಅವರು ಸೀಮೆಎಣ್ಣೆಯಲ್ಲಿ ತೊಳೆದು, ಮೇಲ್ಮುಚ್ಚಳ ತೆಗೆದು, ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ ಕೊಟ್ಟಿದ್ದಾರೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಅದು ಇದೆ. ಹತ್ತನೆಯ ತರಗತಿಯ ಮಕ್ಕಳು ಶಾಫ್ಟನ್ನು ಕೈಯಿಂದ ತಿರುಗಿಸಿ ಹಲ್ಲುಗಳನ್ನು ಎಣಿಸುತ್ತಾರೆ. ಸಂದರ್ಶಕರು ಬಂದಾಗ ಸವೆದ ಬೇರಿಂಗನ್ನೂ ತೋರಿಸುತ್ತಾರೆ.